ಹಸ್ತಪ್ರತಿಚಿತ್ರಗಳ ಗಣಕಭಂಡಾರ: ಪುನರಾರಂಭದ ವ್ಯವಸ್ಥೆ

ಷಟ್ಖಂಡಾಗಮದ ಧವಲಾ ಟೀಕೆಯ ಓಲೆಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿಯೇ ಉಳಿದಿದ್ದವು. ಪ್ರತಿಲಿಪಿಗಳು ಹೊರಬಂದ ಮೇಲೆ, ೧೯೩೯ರಲ್ಲಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದರ ಪ್ರಥಮ ಸಂಪುಟ ಅಚ್ಚಾಯಿತು. ಇಂದು ಓಲೆಗರಿಗಳ ಛಾಯಾಚಿತ್ರಗಳನ್ನು ಒಂದು ಮುಖ್ಯ ಗಣಕದಲ್ಲಿರಿಸಿ, ಜಾಲದ ಮೂಲಕ ಹಲವು ಮೇಜುಗಳಲ್ಲಿ ಏಕಕಾಲಕ್ಕೆ ಪಾಠವನ್ನು ಹೋಲಿಸಬಹುದಾಗಿದೆ. ಆದರೆ ವಿದ್ಯುತ್ತು ನಿಂತು ಮರಳಿದ ಬಳಿಕ ಗಣಕ ಎದ್ದರೂ ಹಂಚಿಕೆಯ ಸೇವೆ ಏಳದಿರುವುದುಂಟು. ಆಗ ಕೆಲಸ ನಿಲ್ಲುವುದು ಸಣ್ಣ ತೊಂದರೆ. ಚಿತ್ರಗಳೇ ಕಣ್ಮರೆಯಾಗುವ ಸಂಭವ ಅದಕ್ಕಿಂತ ಗುರುತರವಾದುದು.

ಲಿನಕ್ಸ್ ವ್ಯವಸ್ಥೆಯಲ್ಲಿ ಹಂಚಿಕೆಗೆ ಎರಡು ಮಾರ್ಗಗಳು ಪ್ರಚಲಿತವಾಗಿವೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ೧೯೮೪ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಒಂದು. ವಿಂಡೋಸ್ ಗಣಕಗಳಿಗೂ ಒದಗುವ ಸಾಂಬಾ ಮತ್ತೊಂದು. ಇವನ್ನು ಆರಂಭಿಸುವ ಹೊಣೆ ಬಹುತೇಕ ‘ಸಿಸ್ಟಮ್‌ಡಿ’ ಎಂಬ ತಂತ್ರಾಂಶದ್ದು. ಅದಕ್ಕೆ ಕೊಡುವ ‘ಸ್ಟಾರ್ಟ್’ ಆಜ್ಞೆ ಆ ಹೊತ್ತಿಗೆ ಮಾತ್ರ ಸಲ್ಲುತ್ತದೆ; ಯಂತ್ರ ಆರಿದೊಡನೆ ಅದರ ಫಲವೂ ಮುಗಿಯುತ್ತದೆ. ಪ್ರತಿಸಲವೂ ಸೇವೆ ತಾನಾಗಿ ಏಳಬೇಕಾದರೆ ‘ಎನೇಬಲ್’ ಆಜ್ಞೆ ಬೇಕು. ಎರಡನ್ನೂ ಒಂದೆಂದೇ ಭಾವಿಸುವುದು ಸಾಮಾನ್ಯ ಪ್ರಮಾದ. ತಿಂಗಳುಗಟ್ಟಲೆ ನಡೆದ ಸೇವೆ ಮಳೆಗಾಲದ ಒಂದು ಸಂಜೆ ನಿಂತಾಗಲೇ ಅದು ಬೆಳಕಿಗೆ ಬರುತ್ತದೆ. ಸೇವೆಯ ಹೆಸರು ಡೆಬಿಯನ್‌ನಲ್ಲಿ ‘ಎನ್‌ಎಫ್‌ಎಸ್-ಕರ್ನೆಲ್-ಸರ್ವರ್’, ರೆಡ್‌ಹ್ಯಾಟ್ ಪರಂಪರೆಯಲ್ಲಿ ‘ಎನ್‌ಎಫ್‌ಎಸ್-ಸರ್ವರ್’. ಇದೂ ಒಂದು ಬಗೆಯ ಪಾಠಾಂತರವೇ ಸರಿ.

ಇಷ್ಟಕ್ಕೇ ಕಾರ್ಯ ಮುಗಿಯದು. ಚಿತ್ರಗಳು ಪ್ರತ್ಯೇಕ ಡಿಸ್ಕಿನಲ್ಲಿದ್ದು, ಅದು ಜೋಡಣೆಯಾಗುವ ಮುನ್ನವೇ ಸೇವೆ ಎದ್ದರೆ, ಬರಿದಾದ ಕೋಶವೇ ಜಾಲಕ್ಕೆ ತೆರೆದುಕೊಳ್ಳುತ್ತದೆ. ಎನ್‌ಎಫ್‌ಎಸ್‌ನ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ‘ಎಂಪಿ’ ಎಂಬ ಸೂಚನೆಯನ್ನಿಟ್ಟರೆ, ಡಿಸ್ಕ್ ಜೋಡಣೆಯಾಗದ ಹೊರತು ಆ ಕೋಶ ಹಂಚಿಕೆಗೆ ಬಾರದು. ಸಾಂಬಾಕ್ಕೆ ಸಿಸ್ಟಮ್‌ಡಿಯ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂಬ ನಿಬಂಧನೆಯಿಂದ ಹೆಚ್ಚುಕಡಿಮೆ ಅದೇ ಪ್ರಯೋಜನ.

ಮೇಜಿನ ಗಣಕಗಳ ಕಡೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ಮುಖ್ಯ ಗಣಕದ ಕೋಶ ಬಂದು ಕೂಡುವ ಸ್ಥಾನದಲ್ಲಿ ಬರಿಯ ಕೋಶವೊಂದು ಮೊದಲೇ ಇರುತ್ತದೆ. ಜೋಡಣೆ ತಪ್ಪಿದ ದಿನ ಹೊಸ ಗರಿಗಳ ಚಿತ್ರಗಳನ್ನು ಅಲ್ಲಿ ಉಳಿಸಿದರೆ ಅವು ಆ ಮೇಜಿನ ಡಿಸ್ಕಿನಲ್ಲಿಯೇ ನಿಲ್ಲುತ್ತವೆ. ಮರುದಿನ ಜೋಡಣೆ ಸರಿಹೋದಾಗ ಅದರ ಅಡಿಯಲ್ಲಿ ಮರೆಯಾಗುತ್ತವೆ. ಅವು ಅಳಿದಿರುವುದಿಲ್ಲ, ಆದರೆ ಕಾಣುವುದಿಲ್ಲ. ಮುಖ್ಯ ಗಣಕದಿಂದ ತೆಗೆಯುವ ರಕ್ಷಾಪ್ರತಿಯಲ್ಲಿಯೂ ಸೇರುವುದಿಲ್ಲ. ಆ ಮೇಜಿನ ಗಣಕವನ್ನು ವಿಲೇವಾರಿ ಮಾಡಿದಂದು ಅವು ನಿಜವಾಗಿಯೂ ನಷ್ಟವಾಗುತ್ತವೆ. ಜೀರ್ಣವಾದ ಓಲೆಕಟ್ಟನ್ನು ಚಿತ್ರಕ್ಕಾಗಿ ಮತ್ತೊಮ್ಮೆ ಬಿಚ್ಚುವುದು ಎಲ್ಲ ಸಂದರ್ಭಗಳಲ್ಲಿಯೂ ಕ್ಷೇಮವಲ್ಲ.

ಇದಕ್ಕೆ ಪರಿಹಾರವಾಗಿ, ಜೋಡಣೆಗೆ ಮೊದಲು ಆ ಬರಿಯ ಕೋಶಕ್ಕೆ ‘ಚಾಟ್ರ್’ ಆಜ್ಞೆಯಿಂದ ಅವಿಕಾರಿ ಗುಣವನ್ನು ಕೊಡಬೇಕು. ಆಗ ಅಲ್ಲಿ ಏನನ್ನೂ ಉಳಿಸಲಾಗದು, ಜೋಡಣೆಗೆ ಮಾತ್ರ ಅಡ್ಡಿಯಿಲ್ಲ. ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ‘_ನೆಟ್‌ಡೆವ್’ ಎಂದು ಬರೆದರೆ ಜೋಡಣೆ ಜಾಲಕ್ಕಾಗಿ ಕಾಯುತ್ತದೆ. ‘ನೋಫೇಲ್’ ಎಂದಿದ್ದರೆ ಮುಖ್ಯ ಗಣಕ ಸಿಗದಾಗಲೂ ಮೇಜಿನ ಗಣಕ ಅರ್ಧದಲ್ಲಿ ನಿಲ್ಲುವುದಿಲ್ಲ.

ವ್ಯವಸ್ಥೆ ಮುಗಿದ ದಿನವೇ, ಎಲ್ಲರ ಕೆಲಸ ನಿಂತಿರುವಾಗ, ಮುಖ್ಯ ಗಣಕವನ್ನು ಬೇಕೆಂದೇ ಆರಿಸಿ ಹೊತ್ತಿಸಬೇಕು. ಅದರ ಕೀಲಿಮಣೆಯನ್ನು ಯಾರೂ ಮುಟ್ಟದೆ, ಬೇರೊಂದು ಮೇಜಿನಲ್ಲಿ ಒಂದು ಗರಿಯ ಚಿತ್ರ ತೆರೆಯುತ್ತದೆಯೇ ಎಂದು ನೋಡಬೇಕು. ಮೇಜಿನ ಗಣಕಗಳನ್ನೂ ಒಂದೊಂದಾಗಿ ಹೀಗೆಯೇ ಪರೀಕ್ಷಿಸತಕ್ಕದ್ದು.