ತಂಬೂರಿಯ ಜೀವ, ಶಾಮಿಸೆನ್ನಿನ ಝೇಂಕಾರ

ಕಿವಿಗೆ ಕೇಳಿಸಬೇಕಾದ ಸಂಗೀತವನ್ನು ಕಾಗದದ ಮೇಲೆ ಬರಿಯ ಗೆರೆಗಳಿಂದ ಹೇಳಲು ಸಾಧ್ಯವೆ? ಜಪಾನಿನ ಚಿತ್ರಕಥೆಗಾರರು ಆ ಸಾಹಸ ಮಾಡಿದ್ದಾರೆ. ಅವರ ಭಾಷೆಯಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಮಾರಿಮೊ ರಾಗವಾ ಎಂಬ ಲೇಖಕಿಯ ‘ಮಶಿರೊ ನೊ ಒತೊ’ (ಅಚ್ಚ ಬಿಳಿಯ ನಾದ ಎನ್ನಬಹುದು) ಎಂಬ ಮಾಂಗಾ 2010ರಿಂದ 2022ರವರೆಗೆ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. 2012ರಲ್ಲಿ ಅದಕ್ಕೆ ಅಲ್ಲಿನ ಕೊಡಾನ್ಶಾ ಪ್ರಶಸ್ತಿ ದೊರೆಯಿತು. 2021ರಲ್ಲಿ ಕಿರುತೆರೆಗೂ ಬಂತು.

ಕಥಾನಾಯಕ ಸೆತ್ಸು ಹದಿನಾರರ ಹುಡುಗ. ಹಿಮ ಸುರಿಯುವ ಉತ್ತರದ ಅವೊಮೊರಿ ಪ್ರಾಂತ್ಯದವನು. ಮೂರು ತಂತಿಗಳ ಶಾಮಿಸೆನ್ ಎಂಬ ವಾದ್ಯವನ್ನು ತಾತ ನುಡಿಸುವುದನ್ನು ಕೇಳುತ್ತಾ ಬೆಳೆದವನು. ತಾತ ತೀರಿಕೊಂಡಾಗ ಹುಡುಗನೊಳಗಿನ ನಾದವೂ ನಿಂತುಹೋಗುತ್ತದೆ. ವಾದ್ಯವನ್ನು ಹೊತ್ತು ಟೋಕಿಯೊಗೆ ಹೊರಡುತ್ತಾನೆ. ತಾತ ನುಡಿಸಿದಂತೆ ನುಡಿಸಿದರೆ ಅದು ತನ್ನದಾಗದು. ತನ್ನದೇ ಎಂದು ಹೊರಟರೆ ಕೈಯಲ್ಲಿ ಏನೂ ಉಳಿದಿಲ್ಲ. ಇದು ಕಥೆಯ ಗಂಟು.

ಈ ಗಂಟು ನಮಗೆ ಹೊಸದೇನಲ್ಲ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ವೀಕ್ಷಕರಿಗೆ ರುದ್ರಪಟ್ಟಣವನ್ನು ಪರಿಚಯಿಸಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರಕ್ಕೆ ಹತ್ತಿರದಲ್ಲಿ, ಕಾವೇರಿಯ ದಡದಲ್ಲಿರುವ ಸಣ್ಣ ಊರು. ಆದರೆ ಇಲ್ಲಿನ ಸಂಕೇತಿ ಮನೆತನಗಳಿಂದ ಹೊರಟ ಸಂಗೀತಗಾರರ ಪಟ್ಟಿ ಸಣ್ಣದಲ್ಲ. ಗಾಯಕ ಆರ್.ಕೆ. ಶ್ರೀಕಂಠನ್ (1920-2014), ಅವರ ಸೋದರ ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಶಾಸ್ತ್ರಿ, ವೈಣಿಕ ಆರ್.ಎಸ್. ಕೇಶವಮೂರ್ತಿ, ಮುಂದಿನ ತಲೆಮಾರಿನ ರುದ್ರಪಟ್ಟಣಂ ಸೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಹೀಗೆ. ಮನೆತನಗಳು ಮೈಸೂರು, ಬೆಂಗಳೂರು ಸೇರಿದವು. ಶ್ರೀಕಂಠನ್ ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಆಕಾಶವಾಣಿಯಲ್ಲಿದ್ದರು. ಗಾಯಕ ಆರ್.ಕೆ. ಪದ್ಮನಾಭ ಅವರು ಹುಟ್ಟೂರಿಗೆ ಸಂಗೀತೋತ್ಸವವನ್ನು ಮರಳಿ ತಂದರು. ಸಪ್ತಸ್ವರ ದೇವತೆಗಳಿಗೆಂದು ಅಲ್ಲಿ ಕಟ್ಟಿಸಿದ ಮಂದಿರದ ಆಕಾರ ತಂಬೂರಿಯದು.

ವೀಣೆಯೂ ಅಲ್ಲ, ಪಿಟೀಲೂ ಅಲ್ಲ, ತಂಬೂರಿ! ಕಛೇರಿಯಲ್ಲಿ ಹಿಂದೆ ಕೂರುವ, ಯಾರೂ ತಿರುಗಿ ನೋಡದ ವಾದ್ಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ತಂಬೂರಿಗೆ ನಾಲ್ಕು ತಂತಿ: ಒಂದು ಪಂಚಮ, ಎರಡು ಸಾರಣಿ, ಒಂದು ಮಂದ್ರ. ತಂತಿಗಳು ಹಾದುಹೋಗುವ ಕುದುರೆ ಚೂಪಾಗಿಲ್ಲ. ಅಗಲವಾಗಿದ್ದು, ಮೇಲ್ಮೈ ಸ್ವಲ್ಪವೇ ಬಾಗಿದೆ. ತಂತಿಗೂ ಕುದುರೆಗೂ ನಡುವೆ ಒಂದು ತುಂಡು ದಾರ ಸಿಕ್ಕಿಸುತ್ತಾರೆ. ಅದಕ್ಕೆ ‘ಜೀವ’ ಎಂದೇ ಹೆಸರು. ದಾರವಿಲ್ಲದೆ ಮೀಟಿದರೆ ನಾದ ಮಂಕು. ದಾರವನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತಂತಿ ತಟ್ಟನೆ ‘ಝುಂ’ ಎಂದು ತೆರೆದುಕೊಳ್ಳುತ್ತದೆ. ಕೂದಲೆಳೆಯಷ್ಟು ತಪ್ಪಿದರೆ ಬರಿಯ ಗರಗರ.

ಹೀಗೇಕೆ? ತಂತಿ ಕಂಪಿಸುವಾಗ ಕುದುರೆಯ ಬಾಗಿದ ಮೈಯನ್ನು ಸವರಿ ಸವರಿ ಬಿಡುತ್ತದೆ. ಪ್ರತಿ ಸವರಿಕೆಯಲ್ಲೂ ಮೂಲಸ್ವರದ ಶಕ್ತಿ ಸ್ವಲ್ಪ ಮೇಲಿನ ಉಪಸ್ವರಗಳಿಗೆ ಹರಿಯುತ್ತದೆ. ಷಡ್ಜ ಸೆಕೆಂಡಿಗೆ 130 ಕಂಪನ ಎಂದುಕೊಳ್ಳಿ. ಅದರ ಇಮ್ಮಡಿ 260 ಮೇಲಿನ ಷಡ್ಜ, ಮೂರು ಪಟ್ಟು 390 ಪಂಚಮ, ಐದು ಪಟ್ಟು 650 ಅಂತರ ಗಾಂಧಾರ. ಯಾರೂ ಮೀಟದ ಗಾಂಧಾರ ತಂಬೂರಿಯಲ್ಲಿ ಕೇಳಿಸುವುದು ಹೀಗೆ. ಸಾಮಾನ್ಯ ತಂತಿವಾದ್ಯದಲ್ಲಿ ಯಾವ ಉಪಸ್ವರ ಸ್ತಬ್ಧವಾಗಿರುವ ಬಿಂದುವಿನಲ್ಲಿ ಮೀಟುತ್ತೇವೋ ಆ ಉಪಸ್ವರ ಹುಟ್ಟಬಾರದು ಎಂಬ ನಿಯಮವಿದೆ. ತಂಬೂರಿ, ವೀಣೆಗಳಲ್ಲಿ ಅದೂ ಹುಟ್ಟುತ್ತದೆ, ಕಾರಣ ಈ ಕುದುರೆ ಎಂದು ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು ಬೆಳಕಿನ ಅಧ್ಯಯನಕ್ಕೆ. ಕಿವಿಯ ವಿಷಯದಲ್ಲೂ ಅವರು ಅಷ್ಟೇ ಚೂಟಿ.

ಈಗ ಸೆತ್ಸುವಿನ ವಾದ್ಯಕ್ಕೆ ಬನ್ನಿ. ಶಾಮಿಸೆನ್ನಿನ ಬುರುಡೆ ಚರ್ಮ ಹೊದಿಸಿದ ಪೆಟ್ಟಿಗೆ. ಸೆತ್ಸು ನುಡಿಸುವ ತ್ಸುಗಾರು ಶೈಲಿಯಲ್ಲಿ ಅಗಲವಾದ ಮೀಟುಗೋಲು ತಂತಿಯ ಜೊತೆಗೆ ಚರ್ಮಕ್ಕೂ ಬಡಿಯುತ್ತದೆ. ಆದ್ದರಿಂದ ವಾದ್ಯ ಅರ್ಧ ವೀಣೆ, ಅರ್ಧ ಮದ್ದಲೆ. ವೀಣೆಯಂತೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಬೆರಳೇ ಬಲ್ಲದು. ಮೂರರಲ್ಲಿ ದಪ್ಪನೆಯ ತಂತಿಯನ್ನು ಮಾತ್ರ ಬೇಕೆಂದೇ ಕುತ್ತಿಗೆಯ ಮರಕ್ಕೆ ಸೋಕುವಂತೆ ಬಿಟ್ಟಿರುತ್ತಾರೆ. ಆ ಝೇಂಕಾರಕ್ಕೆ ಅವರ ಮಾತು ‘ಸವಾರಿ’. ಅರ್ಥ ಸ್ಪರ್ಶ ಎಂದು. ನಮ್ಮ ಕುದುರೆ ಸವಾರಿಗೂ ಇದಕ್ಕೂ ಸಂಬಂಧವಿಲ್ಲ ಬಿಡಿ! ಉಳಿದ ತಂತಿಗಳಲ್ಲಿ ಸ್ವರ ಸರಿಯಾಗಿ ಕೂತಾಗ ಈ ತಂತಿ ತಾನೇ ಮಿಡಿಯುತ್ತದೆ.

ಧ್ವನಿಮುದ್ರಣದ ಕೊಠಡಿಯಲ್ಲಿ ಕೂತ ನಮ್ಮಂಥವರಿಗೆ ‘ಗುಂಯ್’ ಎಂಬುದು ಮೊದಲು ಅಳಿಸಬೇಕಾದ ದೋಷ. ಈ ಎರಡು ದೇಶಗಳಲ್ಲಿ ಹಿರಿಯರು ಅದನ್ನೇ ಅಳೆದು ಸುರಿದು ಇಟ್ಟಿದ್ದಾರೆ. ಕೃತಿಯನ್ನು ಪುಸ್ತಕದಲ್ಲಿ ಬರೆದಿಡಬಹುದು, ದಾರ ಕೂರುವ ಜಾಗವನ್ನು ಬರೆದಿಡಲಾಗದು. ಸೆತ್ಸು ತಾತನ ರಾಗಗಳನ್ನು ಮರೆತಿರಲಿಲ್ಲ. ಅವನಿಗೆ ಸಿಗದೆ ಹೋದದ್ದು ಇಂಥ ಬರೆಯಲಾಗದ ಭಾಗ. ತ್ಸುಗಾರು ವಾದನವನ್ನು ಬೆಳೆಸಿದವರು ಮನೆಮನೆಯ ಮುಂದೆ ನುಡಿಸುತ್ತಾ ಹೊಟ್ಟೆ ಹೊರೆದ ಅಂಧರು. ಬಾಲ್ಯದಲ್ಲೇ ದೃಷ್ಟಿ ಬಹುಮಟ್ಟಿಗೆ ಕಳೆದುಕೊಂಡ ತಕಾಹಾಶಿ ಚಿಕುಜಾನ್ (1910-1998) ಹಾಗೆ ಊರೂರು ಅಲೆದೇ ಮುಂದೆ ದೇಶಕ್ಕೆಲ್ಲ ಪರಿಚಿತರಾದರು. ಅವರ ಪಾಠ ಕಣ್ಣಿಗಲ್ಲ, ಕೈಗೆ, ಕಿವಿಗೆ.

ನಮ್ಮಲ್ಲಿ ವಿದ್ಯುನ್ಮಾನ ತಂಬೂರಿ ಬಂದು ದಶಕಗಳಾದವು. ಬೆಂಗಳೂರಿನ ಜಿ. ರಾಜ್‌ನಾರಾಯಣ್, ಸ್ವತಃ ಕೊಳಲುವಾದಕರು, ಅದರ ಮೊದಲಿಗರಲ್ಲಿ ಒಬ್ಬರು. ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ. ಒಬ್ಬರೇ ಅಭ್ಯಾಸ ಮಾಡುವವರಿಗೆ ದೊಡ್ಡ ಉಪಕಾರ, ಅದನ್ನು ಹಳಿಯುವುದು ನನಗೆ ಸರಿಕಾಣದು. ಆದರೆ ಗುಂಡಿ ಒತ್ತಿ ಕಲಿತ ಮಗು ದಾರ ಸರಿಸುವುದನ್ನು ಕಲಿಯುವುದಿಲ್ಲ. ಶ್ರುತಿ ಕೂರಿಸಲು ಹಿಡಿಯುವ ಆ ಹದಿನೈದು ನಿಮಿಷವೇ ಕಿವಿಗೆ ಮೊದಲ ಪಾಠವಾಗಿತ್ತು.

ನಿಮ್ಮ ಮನೆಯ ಮೂಲೆಯಲ್ಲಿ ಗವಸು ಹೊದ್ದ ತಂಬೂರಿ ಇದ್ದರೆ ಹೊರಗೆ ತೆಗೆಯಿರಿ. ತಂತಿಯಡಿಯ ದಾರ ತೆಗೆದು ಒಮ್ಮೆ ಮೀಟಿ. ಮತ್ತೆ ಸಿಕ್ಕಿಸಿ, ಉಗುರಿನಿಂದ ಸ್ವಲ್ಪಸ್ವಲ್ಪವೇ ಸರಿಸುತ್ತಾ ಮೀಟಿ. ಹತ್ತಿಯ ದಾರ, ರೇಷ್ಮೆಯ ದಾರ ಎರಡನ್ನೂ ಹಾಕಿ ನೋಡಿ. ಮನೆಯಲ್ಲಿ ತಾತನಿಗೋ ಅಜ್ಜಿಗೋ ಇದು ಗೊತ್ತಿದ್ದರೆ ಅವರ ಕೈಯಲ್ಲೇ ಮಾಡಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.