ಸ್ಪೋರ್ಟ್ಸ್ ಬೈಕಿಗೆ ಹ್ಯಾಂಡಲ್ ರೈಸರ್: ಅಳವಡಿಕೆಗೆ ಮುನ್ನ, ಅಳವಡಿಕೆಯ ನಂತರ

ಬಾಗಲಕೋಟೆ ಜಿಲ್ಲೆಯ ಚಿಮ್ಮಡದಿಂದ ಬನಹಟ್ಟಿ, ಜಮಖಂಡಿ, ಮುಧೋಳಗಳತ್ತ ಹೋಗುವಾಗ, ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗುವಾಗ, ಸ್ಪೋರ್ಟ್ಸ್ ಬೈಕಿನ ಸವಾರರಿಗೆ ಮೊದಲು ನೋಯುವುದು ಮಣಿಕಟ್ಟು. ಯಮಹಾ ಆರ್15, ಕೆಟಿಎಂ ಆರ್‌ಸಿ 390ರಂತಹ ಬೈಕುಗಳಲ್ಲಿ ಇರುವುದು ಕ್ಲಿಪ್‌ಆನ್, ಅಂದರೆ ಎಡಬಲಗಳಲ್ಲಿ ಬೇರೆಬೇರೆಯಾಗಿ ಬಿಗಿದ ತಗ್ಗಿನ ಹ್ಯಾಂಡಲ್. ವೇಗ ಹೆಚ್ಚಿದಾಗ ಎದುರುಗಾಳಿ ಬಾಗಿದ ಎದೆಗೆ ತುಸು ಆಸರೆಯಾಗುತ್ತದೆಯಾದರೂ, ನಿಧಾನಗತಿಯಲ್ಲಿ ಆ ಆಸರೆ ತಪ್ಪಿ ಮೈಭಾರವೆಲ್ಲ ಅಂಗೈಗಳಿಗೆ ಇಳಿಯುತ್ತದೆ.

ಈ ಭಾರವನ್ನು ತಗ್ಗಿಸಲೆಂದು ಹ್ಯಾಂಡಲನ್ನು ಎರಡು-ಮೂರು ಸೆಂಟಿಮೀಟರಿನಷ್ಟು ಮೇಲಕ್ಕೂ ಕೆಲವೊಮ್ಮೆ ಸ್ವಲ್ಪ ಹಿಂದಕ್ಕೂ ತರುವ ಲೋಹದ ಬಿಡಿಭಾಗವೇ ರೈಸರ್. ಅದು ಆಯಾ ಮಾದರಿಗೆಂದೇ ತಯಾರಾದದ್ದಾಗಿರಬೇಕು. ಬೇರೆ ಬೈಕಿನದನ್ನು ಕೊರೆದು ಕೂರಿಸುವುದು ಖಂಡಿತ ಸಲ್ಲದು.

ಅಳವಡಿಕೆಯ ನಿಜವಾದ ಪರೀಕ್ಷೆ ಇರುವುದು ಕೇಬಲ್ಲುಗಳಲ್ಲಿ. ಬೈಕನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಚಾಲೂ ಇರುವಾಗ ಹ್ಯಾಂಡಲನ್ನು ಎರಡೂ ಕೊನೆಯವರೆಗೆ ತಿರುಗಿಸಬೇಕು. ಆಗ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯಲ್ಪಡುತ್ತಿದೆ ಎಂದೇ ಅರ್ಥ. ತಿರುವಿನಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಬ್ರೇಕ್ ಎಣ್ಣೆಯನ್ನು ಒಯ್ಯುವ ಹೋಸ್ ಬಿಗಿದಿದ್ದರೆ ಉದ್ದನೆಯ ಹೋಸ್ ಹಾಕಿಸಿ, ಅದರೊಳಗಿನ ಗಾಳಿಯನ್ನು ಹೊರಗೆ ತೆಗೆಸಲೇಬೇಕು. ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಳ್ಳದಂತೆ ಎಡೆ ಉಳಿದಿರಬೇಕು. ಬೋಲ್ಟುಗಳನ್ನು ಕೈಯಂದಾಜಿನಲ್ಲಿ ಬಿಡದೆ, ಎಷ್ಟು ಬಲದಿಂದ ಬಿಗಿಯಬೇಕೆಂಬುದನ್ನು ಅಳೆಯುವ ಟಾರ್ಕ್ ಪಾನಾದಿಂದ ತಯಾರಕರು ಹೇಳಿದಷ್ಟೇ ಬಿಗಿದು, ಕೆಲವು ದಿನಗಳ ಓಡಾಟದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.