ಹೆಸರು, ವಿಳಾಸ, ಗಡಿಯಾರ: ನೆಟ್‌ವರ್ಕ್ ಸ್ವಿಚ್ಚಿನ ಮೊದಲ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನಕಾಯಿಯು ಉಂಡೆ ಕೊಬ್ಬರಿಯಾಗಬೇಕಾದರೆ ಹೆಚ್ಚುಕಡಮೆ ಒಂದು ವರ್ಷ ಅಟ್ಟದ ಮೇಲೆ ಒಣಗಬೇಕು. ಆದರೆ ಅದರ ಬೆಲೆ ನಿರ್ಣಯವಾಗುವುದು ಮಾರುಕಟ್ಟೆಯಲ್ಲಿ, ಕೆಲವೇ ಗಂಟೆಗಳೊಳಗೆ. ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯು 2014ರಲ್ಲಿ ಆರಂಭವಾಯಿತು. ಈ ಆನ್‌ಲೈನ್ ಟೆಂಡರಿನ ಕ್ರಮದಲ್ಲಿ ವರ್ತಕರು ತಮ್ಮ ದರವನ್ನು ಕಂಪ್ಯೂಟರಿನ ಮೂಲಕ ನಮೂದಿಸುತ್ತಾರೆ; ಗೊತ್ತುಮಾಡಿದ ಹೊತ್ತು ಮೀರಿದರೆ ಆ ದರವು ಲೆಕ್ಕಕ್ಕೆ ಬಾರದು. ಹೀಗಿರುವಲ್ಲಿ, ಟೆಂಡರಿನ ಹೊತ್ತಿಗೆ ಸರಿಯಾಗಿ ಜಾಲವು ಕೆಟ್ಟು ನಿಂತರೆ ತೊಡಕು ಎಲ್ಲಿದೆಯೆಂದು ಕಂಡುಹಿಡಿಯುವುದು ಹೇಗೆ?

ಒಂದು ಕಟ್ಟಡದ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಕೂಡುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್. ಪ್ರತಿಯೊಂದು ಕಂಪ್ಯೂಟರಿನ ಜಾಲಭಾಗಕ್ಕೂ 48 ಬಿಟ್ಟುಗಳ ಒಂದು ಗುರುತುಸಂಖ್ಯೆ ಉಂಟು. ಅದಕ್ಕೆ ಮ್ಯಾಕ್ ವಿಳಾಸವೆಂದು ಹೆಸರು. ಯಾವ ವಿಳಾಸವು ಯಾವ ಕಿಂಡಿಯಲ್ಲಿದೆಯೆಂಬುದನ್ನು ಸ್ವಿಚ್ಚು ತಾನಾಗಿಯೇ ಕಲಿತು, ಸಂದೇಶವನ್ನು ಆ ಕಿಂಡಿಗೇ ಕಳುಹಿಸುತ್ತದೆ. ಇಷ್ಟಕ್ಕೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಆದರೆ ಸಾಮಾನ್ಯ ಸ್ವಿಚ್ಚು ಕೆಲಸ ಮಾಡುತ್ತದೆಯೇ ಹೊರತು, ಕೇಳಿದರೆ ಉತ್ತರ ಕೊಡಲಾರದು. ಉತ್ತರ ಕೊಡಬಲ್ಲದ್ದು ಮ್ಯಾನೇಜ್ಡ್ ಸ್ವಿಚ್. ಅದಕ್ಕೆ ಮೊದಲು ಕೆಲವು ಸಂಗತಿಗಳನ್ನು ತಿಳಿಸಿಕೊಡಬೇಕು. ಅವು ಯಾವುವೆಂಬುದನ್ನು ನೋಡೋಣ.

ಮೊದಲನೆಯದು ಹೆಸರು. ಒಂದೇ ಬಗೆಯ ಹತ್ತು ಪೆಟ್ಟಿಗೆಗಳಿದ್ದಲ್ಲಿ ‘ಸ್ವಿಚ್ಚು ಕೆಟ್ಟಿದೆ’ ಎಂಬ ಸುದ್ದಿಯಿಂದ ಏನು ಪ್ರಯೋಜನ? ಆದುದರಿಂದ ಹೆಸರು, ಇರುವ ಸ್ಥಳ, ನೋಡಿಕೊಳ್ಳುವವರ ವಿವರ ಈ ಮೂರನ್ನೂ ಅದರಲ್ಲಿ ಬರೆದಿಡುತ್ತಾರೆ.

ಎರಡನೆಯದು ಐಪಿ ವಿಳಾಸ. 192.168.1.10 ಎಂಬಂತೆ ಇದು 0ಯಿಂದ 255ರ ವರೆಗಿನ ನಾಲ್ಕು ಸಂಖ್ಯೆಗಳ ಕೂಟ. ಇದರ ಜೊತೆಗಿರುವ 255.255.255.0 ಎಂಬ ಮಾಸ್ಕು, ಮೊದಲ ಮೂರು ಸಂಖ್ಯೆಗಳು ಬೀದಿಯನ್ನೂ ಕೊನೆಯದು ಮನೆಯನ್ನೂ ಸೂಚಿಸುತ್ತವೆಯೆಂದು ತಿಳಿಸುತ್ತದೆ. ಬೀದಿಯಿಂದ ಹೊರಗೆ ಹೋಗುವ ಬಾಗಿಲೇ ಗೇಟ್‌ವೇ. ಕಂಪ್ಯೂಟರುಗಳ ವಿಳಾಸ ಆಗಾಗ ಬದಲಾದರೂ ಚಿಂತೆಯಿಲ್ಲ. ಸ್ವಿಚ್ಚಿಗೆ ಮಾತ್ರ ಸ್ಥಿರವಾದ ವಿಳಾಸವಿರುವುದು ಮೇಲು. ದಿನಕ್ಕೊಂದು ಮನೆ ಬದಲಿಸುವ ಕಾವಲುಗಾರನನ್ನು ಅವಸರದಲ್ಲಿ ಹುಡುಕುವುದೆಲ್ಲಿ?

ಮೂರನೆಯದು ಗಡಿಯಾರ. ಸ್ವಿಚ್ಚು ತನ್ನಲ್ಲಿ ನಡೆದುದನ್ನೆಲ್ಲ ಹೊತ್ತಿನ ಸಮೇತ ದಿನಚರಿಯಲ್ಲಿ ಬರೆಯುತ್ತದೆ. ಎರಡು ಸ್ವಿಚ್ಚುಗಳ ಗಡಿಯಾರಗಳು ಏಳು ನಿಮಿಷ ವ್ಯತ್ಯಾಸವಾಗಿದ್ದರೆ, ಯಾವುದು ಮೊದಲು ನಿಂತಿತೆಂದು ಹೇಳಲಾಗದು. ವಿದ್ಯುತ್ತು ಹೋಗಿ ಬಂದರೆ ಅನೇಕ ಸ್ವಿಚ್ಚುಗಳು 1970ರ ಜನವರಿ 1ರಿಂದಲೇ ಎಣಿಸತೊಡಗುವುದೂ ಉಂಟು. ಇದಕ್ಕೆ ಪರಿಹಾರ ಎನ್‌ಟಿಪಿ ಎಂಬ ಕ್ರಮ. ಅಮೆರಿಕದ ಡೇವಿಡ್ ಮಿಲ್ಸ್ ಅವರು ರೂಪಿಸಿದ ಇದು 1985ರಲ್ಲಿ ಬಳಕೆಗೆ ಬಂದಿತು. ಸ್ವಿಚ್ಚು ನಂಬಿಕೆಯ ಗಡಿಯಾರವೊಂದನ್ನು ಹೊತ್ತೆಷ್ಟೆಂದು ಕೇಳುತ್ತದೆ; ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಕಾಲವನ್ನು ಎಣಿಸಿ ತನ್ನನ್ನು ತಿದ್ದಿಕೊಳ್ಳುತ್ತದೆ. ಭಾರತದ ಕಾಲವು ವಿಶ್ವಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಇದನ್ನು ನಮೂದಿಸಲು ಮರೆತರೆ, ಮಧ್ಯಾಹ್ನ ಎರಡೂವರೆಗೆ ಆದ ತೊಡಕು ದಿನಚರಿಯಲ್ಲಿ ಬೆಳಗಿನ ಒಂಬತ್ತು ಗಂಟೆಯದಾಗಿ ಕಾಣುತ್ತದೆ!

ನಾಲ್ಕನೆಯದು ಬೀಗ. ತಯಾರಕರು ಕೊಟ್ಟ ಗುಪ್ತಪದವು ಕೈಪಿಡಿಯಲ್ಲಿಯೇ ಅಚ್ಚಾಗಿರುವುದುಂಟು. ಅದು ಎಲ್ಲರ ಕೈಯಲ್ಲಿರುವ ಬೀಗದಕೈ. ಆದುದರಿಂದ ಅದನ್ನು ಮೊದಲ ದಿನವೇ ಬದಲಿಸತಕ್ಕದ್ದು.

ಕೊನೆಯದು ಉಳಿಸಿಡುವ ಕೆಲಸ. ಹಲವು ಸ್ವಿಚ್ಚುಗಳಲ್ಲಿ ನಾವು ಮಾಡಿದ ಬದಲಾವಣೆ ಮೊದಲು ತಾತ್ಕಾಲಿಕ ನೆನಪಿನಲ್ಲಿರುತ್ತದೆ. ‘ಉಳಿಸು’ ಎಂದು ಆಜ್ಞಾಪಿಸಿದರೆ ಮಾತ್ರ ಶಾಶ್ವತ ನೆನಪಿಗೆ ಸೇರುತ್ತದೆ. ಇಲ್ಲವಾದರೆ ವಿದ್ಯುತ್ತು ಹೋದೊಡನೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಈ ಐದರಲ್ಲಿ ಒಂದಾದರೂ ಸಂದೇಶದ ವೇಗವನ್ನು ಹೆಚ್ಚಿಸುವುದಿಲ್ಲ; ಎಲ್ಲವೂ ಸರಿಯಾಗಿರುವ ದಿನ ಇವುಗಳ ಬೆಲೆ ತಿಳಿಯುವುದೂ ಇಲ್ಲ. ತೊಡಕಾದ ದಿನ ಮಾತ್ರ, ‘ನೀನು ಯಾರು, ಎಲ್ಲಿರುವೆ, ಯಾವಾಗ ಏನಾಯಿತು?’ ಎಂಬ ಪ್ರಶ್ನೆಗಳಿಗೆ ಪೆಟ್ಟಿಗೆಯು ಉತ್ತರ ಕೊಡುತ್ತದೆ. ಒಂದು ವರ್ಷ ಕಾದ ಕೊಬ್ಬರಿಯ ಬೆಲೆ ಒಂದು ಗಂಟೆಯನ್ನು ಅವಲಂಬಿಸಿರುವಾಗ ಆ ಉತ್ತರ ಬೇಗ ದೊರೆಯುವುದು ಸಣ್ಣ ಮಾತಲ್ಲ. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಂಥ ಸ್ವಿಚ್ಚಿದ್ದರೆ, ಅದರ ಗಡಿಯಾರ ಸರಿಯಾಗಿದೆಯೇ ಎಂದು ಅಧ್ಯಾಪಕರೊಡನೆ ಕೂಡಿ ಪರೀಕ್ಷಿಸಿ ನೋಡಿ.